ಹೊಸ ಫೈಲು ‘ಹಳೆಯದು’ ಪೆಟ್ಟಿಗೆಗೆ ಸೇರಿದ ವಿಷಯ

೧ ಮಾರ್ಚ್ ೨೦೦೪

ಮಾನ್ಯರೇ,

ಕಳೆದ ಫೆಬ್ರವರಿ ಒಂಬತ್ತು, ಸೋಮವಾರ, ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ, ನಮ್ಮ ಊರಿನ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದ ಕಂಪ್ಯೂಟರಿಗೆ ನೀವು ಒಂದು ಹೊಸ ತಂತ್ರಾಂಶ ಹಾಕಿದಿರಿ. ಮೂರು ವಾರ ತುಂಬುವ ಮೊದಲೇ, ಅಲ್ಲಿ ಹದಿನೆಂಟು ವರ್ಷ ದುಡಿದ ಒಬ್ಬ ಹೆಂಗಸನ್ನು ಅಮಾನತು ಮಾಡಿದರು. ಈ ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತೇನೆ. ಇಲ್ಲ ಎಂದು ಇಲಾಖೆ ಹೇಳುತ್ತದೆ. ನಿಮ್ಮನ್ನು ಇನ್ನೂ ಯಾರೂ ಕೇಳಿಲ್ಲ. ಅದಕ್ಕೇ ಈ ಕಾಗದ.

ಮೊದಲೇ ಹೇಳಿಬಿಡುತ್ತೇನೆ: ಆಕೆ ನನ್ನ ತಮ್ಮನ ಹೆಂಡತಿ. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಇದನ್ನು ಮುಚ್ಚಿಟ್ಟು ನಿಷ್ಪಕ್ಷಪಾತಿಯ ವೇಷ ಹಾಕುವ ವಯಸ್ಸು ನನ್ನದಲ್ಲ. ಎಪ್ಪತ್ತೊಂದು ದಾಟಿದೆ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ನೋಡಿದವನು ನಾನು.

ನಡೆದದ್ದು ಇಷ್ಟು. ಊರಿನ ನೀರಿಗೆ ಎಷ್ಟು ಕ್ಲೋರಿನ್ ಬೆರೆತಿದೆ ಎಂದು ಒಂದು ಮೀಟರ್ ಅಳೆಯುತ್ತದೆ. ಕಂಪ್ಯೂಟರ್ ಆ ಅಂಕಿಯನ್ನು ತೋರಿಸುತ್ತದೆ. ನಮ್ಮ ಮನೆಯಾಕೆ, ಅಂದರೆ ತಮ್ಮನ ಹೆಂಡತಿ, ಅದನ್ನು ವರದಿಗೆ ಇಳಿಸುತ್ತಾಳೆ. ಆ ವರದಿ ನೋಡಿ ಟ್ಯಾಂಕಿನವರು ಮದ್ದು ಹಾಕುತ್ತಾರೆ. ನಿಮ್ಮದು ಸಾರ್ವಜನಿಕರ ದೂರು ಬರೆದುಕೊಳ್ಳುವ ತಂತ್ರಾಂಶ. ಅದಕ್ಕೂ ನೀರು ಪರೀಕ್ಷೆಗೂ ಸಂಬಂಧವಿಲ್ಲ. ಕಚೇರಿಯ ಕಂಪ್ಯೂಟರಿನ ಸಿ.ಡಿ. ತಟ್ಟೆ ಹೊರಗೆ ಬರುವುದಿಲ್ಲವೆಂದು ಅದನ್ನು ಪ್ರಯೋಗಾಲಯದ ಕಂಪ್ಯೂಟರಿಗೆ ಹಾಕಿಸಿದರು. ಅಂದಿನಿಂದ ಮೀಟರಿನ ಅಂಕಿ ಮೇಲಕ್ಕೆ ಹೋಯಿತು. ಅಂಕಿ ಹೆಚ್ಚು ಕಂಡಿತೆಂದು ಟ್ಯಾಂಕಿನವರು ಮದ್ದು ಕಡಿಮೆ ಮಾಡಿದರು. ಫೆಬ್ರವರಿ ಇಪ್ಪತ್ತಮೂರಕ್ಕೆ ಪೂರ್ವದ ಬಡಾವಣೆಯಲ್ಲಿ ನಲವತ್ತಮೂರು ಜನ ವಾಂತಿಭೇದಿಯಿಂದ ಮಲಗಿದರು. ಇಪ್ಪತ್ತಾರಕ್ಕೆ ಇಲಾಖೆಯ ಬಾಗಿಲ ಪಕ್ಕದ ಗೋಡೆಗೆ ಆಕೆಯ ಅಮಾನತಿನ ನೋಟೀಸು ಅಂಟಿತು: ‘ಪರೀಕ್ಷೆ ಮಾಡದೆ ಮನಬಂದ ಅಂಕಿ ಬರೆದಿದ್ದಾರೆ.’ ವಿಚಾರಣೆ ಏಪ್ರಿಲ್ ಐದಕ್ಕೆ. ಅಲ್ಲಿ ಸೋತರೆ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ.

ಆದರೆ ಆಕೆಗೆ ಒಂದು ಹಳೆಯ ರೂಢಿ ಇದೆ. ಹಿಂದಿನ ಮುಖ್ಯಸ್ಥರು ಪ್ರತಿ ಶನಿವಾರ ಕೈಯಿಂದಲೂ ಪರೀಕ್ಷೆ ಮಾಡಿಸುತ್ತಿದ್ದರು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಬಣ್ಣ ಬರಿಸುವ ಮದ್ದಿನ ಹನಿ ಬಿಟ್ಟು, ಬಂದ ಬಣ್ಣವನ್ನು ಬಣ್ಣದ ಪಟ್ಟಿಗೆ ಹೋಲಿಸುವುದು. ಈಗಿನ ಮುಖ್ಯಸ್ಥರು ಮೀಟರ್ ಇರುವಾಗ ಇದೇಕೆ ಎಂದು ನಿಲ್ಲಿಸಿದರು. ಆಕೆ ನಿಲ್ಲಿಸಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟು ಮಾಡುತ್ತಾಳೆ, ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾಳೆ. ಫೆಬ್ರವರಿ ಹದಿನಾಲ್ಕಕ್ಕೆ ಮೀಟರ್ ೦.೫ ಎಂದಾಗ ಗಾಜು ೦.೨ ಎಂದಿತು. ಸೋಮವಾರ ಹೋಗಿ ಮುಖ್ಯಸ್ಥರಿಗೆ ಹೇಳಿದಳು. ಅವರು, “ಮೀಟರ್ ಸರಿ ಇದೆಯಮ್ಮಾ. ನೀವು ಕನ್ನಡಕ ಬದಲಾಯಿಸ್ಕೊಳ್ಳಿ,” ಎಂದರಂತೆ. ಬರವಣಿಗೆಯಲ್ಲಿ ಕೊಡಲಿಲ್ಲ ಎಂಬುದೊಂದೇ ಆಕೆ ಮಾಡಿದ ತಪ್ಪು.

ನಾನು ಸುಮ್ಮನೆ ಊಹಿಸುತ್ತಿಲ್ಲ. ಇಂಥದ್ದನ್ನು ಕಂಡಿದ್ದೇನೆ. ೧೯೭೧ರಲ್ಲಿ ನಮ್ಮ ಅಚ್ಚುಕೂಟ ಶಾಲೆಗಳಿಗೆಂದು ಲಾಗರಿದಮ್ ಕೋಷ್ಟಕದ ಪುಸ್ತಕ ಅಚ್ಚು ಹಾಕಿತು. ಮೂವತ್ತೇಳನೆಯ ಪುಟ ಮಾತ್ರ ತಿದ್ದುವ ಮೊದಲಿನದೇ ಅಚ್ಚಾಗಿ ಹೋಯಿತು. ಆ ವರ್ಷ ಪರೀಕ್ಷೆಗೆ ಕೂತ ಮಕ್ಕಳು ಆ ಪುಟ ನೋಡಿ ಮಾಡಿದ ಲೆಕ್ಕಗಳೆಲ್ಲ ತಪ್ಪಾದವು. ಒಳ್ಳೆಯ ಹಾಳೆ ಕದ್ದು ರದ್ದಿ ಹಾಳೆ ತುರುಕಿದ್ದಾನೆಂದು ಮಾಲೀಕರು ಬೈಂಡರನ್ನು ಮನೆಗೆ ಕಳಿಸಿದರು. ತಪ್ಪು ನಡೆದದ್ದು ಬೇರೆ ಕಡೆ. ಪುಸ್ತಕ ಕೈಗೆ ಬಂದಾಗ ಕೊನೆಗೆ ಮುಟ್ಟಿದವನೇ ಕಳ್ಳನಂತೆ ಕಾಣುತ್ತಾನೆ, ಅಷ್ಟೇ.

ಆ ದಿನ ನೀವು ಏನನ್ನು ಹಾಕಿದಿರಿ, ಏನನ್ನು ತೆಗೆದಿರಿ? ದಯವಿಟ್ಟು ಬರೆಯಿರಿ.

ಇಂತು,
ನಿವೃತ್ತ ಪ್ರೂಫ್ ರೀಡರ್


೮ ಮಾರ್ಚ್ ೨೦೦೪

ಮಾನ್ಯರಿಗೆ ನಮಸ್ಕಾರ.

ಕಾಗದ ತಲುಪಿತು. ತಮ್ಮ ಮನೆಯವರಿಗೆ ಬಂದ ತೊಂದರೆಗೆ ವಿಷಾದವಿದೆ.

ಅಂದಿನ ಕೆಲಸವನ್ನು ನಮ್ಮ ಸಂಸ್ಥೆಯ ಸೂಚನಾ ಹಾಳೆಯ ಪ್ರಕಾರವೇ ಮಾಡಲಾಗಿದೆ. ದೋಷ ಸೂಚಿಸುವ ಯಾವ ಸಂದೇಶವೂ ಬರಲಿಲ್ಲ. ಒಂದು ತಂತ್ರಾಂಶ ಹಾಕುವಾಗ ಕೆಲವು ಲೈಬ್ರರಿ ಫೈಲುಗಳು ಬದಲಾಗುವುದು ಸಹಜ. ಲೈಬ್ರರಿ ಫೈಲು ಎಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಫೈಲು; ಓಣಿಯ ಮನೆಗಳಿಗೆಲ್ಲ ಒಂದೇ ಏಣಿ ಇದ್ದ ಹಾಗೆ. ನಾನು ಯಾವುದನ್ನೂ ಅಳಿಸಿಹಾಕುವವಳಲ್ಲ. ನಾನು ಹೋಗುವ ಮೊದಲು ಇದ್ದದ್ದನ್ನೆಲ್ಲ ‘ಹಳೆಯದು’ ಎಂಬ ಪೆಟ್ಟಿಗೆಯಲ್ಲಿ, ಅಂದರೆ ಫೋಲ್ಡರಿನಲ್ಲಿ, ಎತ್ತಿಡುವುದು ನನ್ನ ಪದ್ಧತಿ. ಅದು ಆ ಕಂಪ್ಯೂಟರಿನಲ್ಲೇ ಇದೆ. ತಮ್ಮ ಇಲಾಖೆಯ ಕಂಪ್ಯೂಟರ್ ನೋಡಿಕೊಳ್ಳುವವರು ಪರಿಶೀಲಿಸಿ, ಹಳೆಯ ಫೈಲಿನ ಜಾಗಕ್ಕೆ ಹೊಸ ಫೈಲು ಬಂದಿದೆ, ಎಲ್ಲ ಸರಿಯಿದೆ ಎಂದು ಫೋನಿನಲ್ಲಿ ತಿಳಿಸಿದ್ದಾರೆ. ಮೀಟರೇ ಕೆಟ್ಟಿರಬಹುದು.

ತಮ್ಮ ಮನೆಯವರ ನೆನಪಿದೆ. ನಾನು ಕೂರುವ ಮೊದಲು, “ಆ ಕುರ್ಚಿ ಎಡಗಡೆ ವಾಲತ್ತೆ, ನಂಬಬೇಡಿ,” ಎಂದು ತಮ್ಮ ಕುರ್ಚಿ ಕೊಟ್ಟು, ಟೀ ತರಿಸಿದ್ದರು.

ತಮ್ಮ ವಿಶ್ವಾಸಿ,
ತಂತ್ರಾಂಶ ಅಳವಡಿಸುವವಳು


೧೩ ಮಾರ್ಚ್ ೨೦೦೪

ಮಾನ್ಯರೇ,

ಟೀ ವಿಷಯ ಬರೆದದ್ದು ಒಳ್ಳೆಯದಾಯಿತು. ಕಾಗದವನ್ನು ಮನೆಯಾಕೆಗೆ ಓದಿ ಹೇಳಿದೆ. “ಪಾಪ ಭಾವ, ಆಕೆ ಒಳ್ಳೆ ಹೆಂಗಸು. ಮಧ್ಯಾಹ್ನದ ಬಸ್ಸಿಗೆ ಹೊರಡೋ ಅವಸರದಲ್ಲಿದ್ರು,” ಎಂದಳು. “ಒಳ್ಳೆಯವರು ಅವಸರದಲ್ಲಿದ್ದಾಗಲೇ ನಮ್ಮಂಥವರ ಕತ್ತು ಹೋಗೋದು,” ಎಂದೆ. “ನಿಮ್ಮ ಕಾಗದಗಳಿಂದ ಅಂಚೆಯವರ ಸೈಕಲ್ ಚಕ್ರ ಸವೆಯುತ್ತೆ ಹೊರತು ನನ್ನ ಕೆಲಸ ಬರಲ್ಲ,” ಎಂದು ನಕ್ಕಳು. ಅಮಾನತಾದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಅದಕ್ಕಾದರೂ ಬರೆಯುತ್ತಲೇ ಇರುತ್ತೇನೆ.

ಈಗ ವಿಷಯಕ್ಕೆ ಬರೋಣ. ನೀವು ಹೇಳಿದ ಪೆಟ್ಟಿಗೆಯನ್ನು ನೋಡಿದೆ. ಇಲಾಖೆಯ ಕಂಪ್ಯೂಟರಿನವರ ಮುಂದೆ ಎರಡು ಗಂಟೆ ಕೂತೆ. ನಾನು ಏಳುವ ಹಾಗೆ ಕಾಣದಿದ್ದಾಗ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನೋಡಿ ಸ್ವಾಮಿ, ಹಳೇದು ‘ಹಳೆಯದು’ ಅನ್ನೋದರಲ್ಲಿದೆ. ಹೊಸದು ಅದರ ಜಾಗದಲ್ಲಿದೆ. ಇನ್ನೇನು ಬೇಕು ನಿಮಗೆ?”

“ತಾರೀಕು ಬೇಕು,” ಎಂದೆ.

“ಯಾವ ತಾರೀಕು?”

“ಎರಡು ಫೈಲಿನದೂ.”

ಅವರು ಹೆಸರು ಓದಿದ್ದರು, ತಾರೀಕು ಓದಿರಲಿಲ್ಲ. ನಾನು ಬರೆದುಕೊಂಡು ಬಂದೆ. ನೀವು ಹಾಕಿದ ಫೈಲು ೧೯೯೯ರ ಮೇ ನಾಲ್ಕರದು. ‘ಹಳೆಯದು’ ಪೆಟ್ಟಿಗೆಯಲ್ಲಿ ಮಲಗಿರುವುದು ೨೦೦೨ರ ಆಗಸ್ಟ್ ಹದಿನೇಳರದು. ಎರಡಕ್ಕೂ ಒಂದೇ ಹೆಸರು, ಒಂದಕ್ಷರದ ವ್ಯತ್ಯಾಸವಿಲ್ಲ. ಜನವರಿಯಲ್ಲಿ ಮೀಟರ್ ಕಂಪನಿಯವರು ಬಂದು ಕೊಟ್ಟುಹೋದ ಚೀಟಿಯನ್ನು ಮನೆಯಾಕೆ ಜೋಪಾನ ಮಾಡಿದ್ದಾಳೆ. ಅದರಲ್ಲಿರುವುದೂ ೨೦೦೨ರ ತಾರೀಕೇ.

ನಿಮಗೆ ಮೊದಲೇ ಇದ್ದದ್ದೆಲ್ಲ ಹಳೆಯದು, ನೀವು ತಂದದ್ದೆಲ್ಲ ಹೊಸದು. ಅತಿಥಿ ಮನೆಗೆ ಬಂದು ಮನೆಯವರನ್ನೇ ಹೊರಗಿನವರು ಎಂದಂತಾಯಿತು. ಮೂರು ವರ್ಷ ಎಳೆಯ ಫೈಲನ್ನು ಮುದುಕನೆಂದು ಮೂಲೆಗೆ ಕೂರಿಸಿದ್ದೀರಿ. ಇಲಾಖೆಯವರು ನಿಮ್ಮ ಪೆಟ್ಟಿಗೆಯ ಹೆಸರು ಓದಿ, ಎಲ್ಲ ಸರಿ ಎಂದು ಷರಾ ಬರೆದಿದ್ದಾರೆ. ವಿಚಾರಣೆಯ ಕಡತಕ್ಕೂ ಅದೇ ಷರಾ ಹೋಗಿದೆ. ಅಂದರೆ ಆಕೆಯ ವಿರುದ್ಧ ಇರುವ ಗಟ್ಟಿ ಸಾಕ್ಷಿ ಪೆಟ್ಟಿಗೆಗೆ ನೀವಿಟ್ಟ ಆ ಹೆಸರೇ.

ಒಂದೇ ಪ್ರಶ್ನೆ. ಹೊಸದರ ಮೇಲೆ ಹಳೆಯದನ್ನು ಹಾಕುವಾಗ ಆ ಕಂಪ್ಯೂಟರ್ ಒಂದು ಮಾತನ್ನೂ ಕೇಳಲಿಲ್ಲವೆ? ಕೇಳಿದ್ದರೆ ನೀವು ಏನು ಒತ್ತಿದಿರಿ?

ಇಂತು,
ನಿವೃತ್ತ ಪ್ರೂಫ್ ರೀಡರ್


೨೪ ಮಾರ್ಚ್ ೨೦೦೪

ಮಾನ್ಯರೇ,

ಹನ್ನೊಂದು ದಿನವಾಯಿತು. ನಿಮ್ಮ ಮೌನವನ್ನು ಉತ್ತರವೆಂದೇ ತಿಳಿಯುತ್ತೇನೆ. ಸಂಸ್ಥೆಯ ಬೆನ್ನ ಹಿಂದೆ ನಿಂತವರಿಗೆ ಬಿಸಿಲು ತಾಗುವುದಿಲ್ಲ, ನಿಜ. ನಮ್ಮ ಮನೆಯಾಕೆಯ ಜಾಗದಲ್ಲಿ ಈಗ ಬೇರೊಬ್ಬರು ಕೂತು ಅದೇ ಕಂಪ್ಯೂಟರ್ ತೋರಿಸುವ ಅದೇ ಅಂಕಿಯನ್ನು ಬರೆಯುತ್ತಿದ್ದಾರೆ. ಊರು ಅದೇ ನೀರು ಕುಡಿಯುತ್ತಿದೆ. ನಾವು ಕುದಿಸಿ ಕುಡಿಯುತ್ತಿದ್ದೇವೆ, ನೆರೆಹೊರೆಯವರಿಗೂ ಹೇಳಿದ್ದೇವೆ. ಊರಿಗೆಲ್ಲ ಹೇಳಬೇಕಾದವರು ಹೇಳುತ್ತಿಲ್ಲ.

ವಿಚಾರಣೆಗೆ ಹನ್ನೆರಡು ದಿನ ಉಳಿದಿದೆ.

ನಿವೃತ್ತ ಪ್ರೂಫ್ ರೀಡರ್


೨೫ ಮಾರ್ಚ್ ೨೦೦೪

ಹಿರಿಯರಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ನಿಮ್ಮ ಹದಿಮೂರರ ಕಾಗದ ಓದಿದ ದಿನವೇ ಮೀಟರ್ ಕಂಪನಿಗೆ ಫೋನ್ ಮಾಡಿದೆ. ಅವರ ಸಿ.ಡಿ. ಬರಲು ವಾರ ಹಿಡಿಯಿತು. ನೋಡದೆ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಒಮ್ಮೆ ಹಾಗೆ ಬರೆದಾಗಿದೆ.

ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ಖಾಲಿ ಕಂಪ್ಯೂಟರ್ ಒಂದಿತ್ತು. ಮೊದಲು ಮೀಟರಿನ ತಂತ್ರಾಂಶ ಹಾಕಿದೆ. ಮೀಟರ್ ಇಲ್ಲದೆಯೂ ಓಡಿಸಿ ನೋಡಲು ಅದರಲ್ಲಿ ಒಂದು ಮಾದರಿ ಅಳತೆ ಇದೆ. ಅದು ೦.೨೦ ತೋರಿಸಿತು. ಮೇಲೆ ನಮ್ಮ ದೂರಿನ ತಂತ್ರಾಂಶ ಹಾಕಿದೆ. ಅದೇ ಅಳತೆ ೦.೫೦ ಆಯಿತು. ಎಲ್ಲ ಒರೆಸಿ, ಸರದಿ ಬದಲಾಯಿಸಿ, ನಮ್ಮದು ಮೊದಲು, ಮೀಟರಿನದು ಆಮೇಲೆ ಹಾಕಿದೆ. ಈಗ ಮೀಟರ್ ಸರಿ, ಆದರೆ ನಮ್ಮ ದೂರಿನ ತಂತ್ರಾಂಶ ಬಾಗಿಲನ್ನೇ ತೆರೆಯಲಿಲ್ಲ. ಮತ್ತೆ ಮೊದಲಿನಂತೆ ಹಾಕಿ, ಬದಲಾದ ಫೈಲುಗಳನ್ನು ಒಂದೊಂದಾಗಿ ವಾಪಸ್ ಇಟ್ಟು ನೋಡಿದೆ. ನಾಲ್ಕು ಇದ್ದವು. ಮೂರನೆಯದನ್ನು ಇಟ್ಟಾಗ ಅಂಕಿ ೦.೨೦ಕ್ಕೆ ಇಳಿಯಿತು. ನೀವು ತಾರೀಕು ಬರೆದು ಕಳಿಸಿದ್ದೀರಲ್ಲ, ಅದೇ ಫೈಲು.

ಕಾರಣವೂ ಸಿಕ್ಕಿತು. ಮೀಟರಿನ ತಂತ್ರಾಂಶಕ್ಕೆ ಒಂದು ತಿದ್ದುಪಡಿ ಕೋಷ್ಟಕವಿದೆ. ಮೀಟರ್ ಕೊಡುವ ಹಸಿ ಅಂಕಿಯನ್ನು ಅದರ ಪ್ರಕಾರ ತಿದ್ದಿ ತೋರಿಸಬೇಕು. ಆ ಕೋಷ್ಟಕವನ್ನು ಅದು ಈ ಲೈಬ್ರರಿ ಫೈಲಿನ ಮೂಲಕ ಓದುತ್ತದೆ. ಹಳೆಯ ಫೈಲಿಗೆ ಅದನ್ನು ಓದಲು ಬರುವುದಿಲ್ಲ. ಬರುವುದಿಲ್ಲ ಎಂದು ಹೇಳುವುದೂ ಇಲ್ಲ. ತಿದ್ದದ ಅಂಕಿಯನ್ನೇ ತೋರಿಸಿ ಸುಮ್ಮನಿರುತ್ತದೆ. ಪರಿಹಾರ ಹತ್ತು ನಿಮಿಷದ್ದು: ಹೊಸ ಫೈಲನ್ನು ಅದರ ಜಾಗಕ್ಕೆ ವಾಪಸ್ ಇಟ್ಟು, ಹಳೆಯದರ ಒಂದು ಪ್ರತಿಯನ್ನು ನಮ್ಮ ತಂತ್ರಾಂಶದ ಸ್ವಂತ ಕೋಣೆಯೊಳಗೆ ಇಟ್ಟರೆ ಎರಡೂ ಸರಿಯಾಗಿ ನಡೆಯುತ್ತವೆ. ಓಣಿಗೆ ಇನ್ನೊಂದು ಏಣಿ ತಂದ ಹಾಗೆ.

ನೀವು ಕೇಳಿದ ಪ್ರಶ್ನೆಗೆ ಈಗ ಬರುತ್ತೇನೆ. ಹೌದು, ಕಂಪ್ಯೂಟರ್ ಕೇಳಿತು. ‘ಇಲ್ಲಿರುವ ಫೈಲು ನೀವು ಹಾಕುತ್ತಿರುವುದಕ್ಕಿಂತ ಹೊಸದು. ಇದನ್ನೇ ಉಳಿಸಿಕೊಳ್ಳಬೇಕೆ?’ ಎಂದು ಕೇಳಿತು. ನಮ್ಮ ಸೂಚನಾ ಹಾಳೆಯ ಒಂಬತ್ತನೆಯ ಸಾಲು ಹೀಗಿದೆ: ‘ಉಳಿಸಿಕೊಳ್ಳಬೇಕೆ ಎಂದು ಕೇಳಿದರೆ ಪ್ರತಿ ಸಲವೂ ಬೇಡ ಎಂದು ಒತ್ತಿರಿ.’ ನಾನು ಬೇಡ ಎಂದು ಒತ್ತಿದೆ. ಅಲ್ಲಿ ಮಾತ್ರವಲ್ಲ, ಒಂಬತ್ತು ಊರುಗಳಲ್ಲಿ ಒತ್ತಿದ್ದೇನೆ. ಮೊದಲ ಕಾಗದದಲ್ಲಿ ದೋಷದ ಸಂದೇಶ ಬರಲಿಲ್ಲ ಎಂದು ಬರೆದಿದ್ದೆ. ಅದು ಸುಳ್ಳಲ್ಲ. ಬಂದದ್ದು ಪ್ರಶ್ನೆ.

ಇದನ್ನು ಸಹಿ ಹಾಕಿ ವಿಚಾರಣೆಗೆ ಕಳಿಸಬೇಕೆಂದು ನನಗೂ ಗೊತ್ತು. ನಮ್ಮ ಸಂಸ್ಥೆಯ ಯಜಮಾನರಿಗೆ ಹೇಳಿದೆ. “ನೀನು ಹಾಳೆ ಪ್ರಕಾರ ಮಾಡಿದೀಯ, ಅವರು ಅವರದನ್ನ ನೋಡ್ಕೋತಾರೆ. ದಾರೀಲಿ ಹೋಗೋ ಮಾರೀನ ಯಾಕಮ್ಮ ಮನೆಗೆ ಕರೀತೀಯ?” ಎಂದರು. ನನಗೆ ನಲವತ್ತೆರಡು. ಹೊಸ ಕಡೆ ಹೋಗಿ ನಿಂತರೆ ಯಾರು ಸೇರಿಸಿಕೊಳ್ಳುತ್ತಾರೋ ಗೊತ್ತಿಲ್ಲ.

ತಪ್ಪು ತಿಳಿಯಬೇಡಿ, ಒಂದು ಮಾತು ಕೇಳುತ್ತೇನೆ. ನೀವು ಬರೆದ ೧೯೭೧ರ ಕಥೆಯಲ್ಲಿ ಬೈಂಡರ್ ಇದ್ದಾರೆ, ಮಾಲೀಕರು ಇದ್ದಾರೆ, ಪರೀಕ್ಷೆ ಬರೆದ ಮಕ್ಕಳಿದ್ದಾರೆ. ಪ್ರೂಫ್ ನೋಡಿದವರು ಮಾತ್ರ ಇಲ್ಲ. ಅದು ನೀವೇ ಅಲ್ಲವೆ? ಚುಚ್ಚಲು ಕೇಳುತ್ತಿಲ್ಲ. ಹೇಳದೆ ಇದ್ದರೆ ಹೇಗಿರುತ್ತದೆ ಎಂದು ತಿಳಿದವರೊಬ್ಬರನ್ನು ಕೇಳಬೇಕಿತ್ತು.

ತಂತ್ರಾಂಶ ಅಳವಡಿಸುವವಳು


೨೯ ಮಾರ್ಚ್ ೨೦೦೪

ತಂಗಿಗೆ,

ನನ್ನ ಇಪ್ಪತ್ತನಾಲ್ಕರ ಕಾಗದ ನಿಮ್ಮದರ ಎದುರಿಗೆ ಸಿಕ್ಕಿ ದಾಟಿ ಹೋಗಿರಬೇಕು. ಅದನ್ನು ಹರಿದು ಹಾಕಿ. ನೀವು ದುಡಿಯುತ್ತಿದ್ದಾಗ ನಾನು ಬೈಯುತ್ತಿದ್ದೆ.

ಹೌದು, ನಾನೇ. ತಿದ್ದಿದ ಪ್ರೂಫ್ ಮೇಜಿನ ಎಡಕ್ಕಿತ್ತು, ತಿದ್ದದೇ ಇದ್ದದ್ದು ಬಲಕ್ಕಿತ್ತು. ಮಧ್ಯಾಹ್ನ ಊಟಕ್ಕೆ ಏಳುವಾಗ ಬಲಗಡೆಯದರ ಮೇಲೆ ‘ಅಚ್ಚಿಗೆ ಹೋಗಲಿ’ ಎಂದು ಬರೆದು ಸಹಿ ಹಾಕಿದೆ. ಗಲಾಟೆಯಾದ ದಿನ ಆ ಹಾಳೆ ಹುಡುಕಿದೆ, ಸಿಕ್ಕಿತು. ಜೇಬಿಗೆ ಹಾಕಿಕೊಂಡೆ. ಬೈಂಡರ್ ತನ್ನ ಸೂಜಿ, ದಾರ, ಅಂಟಿನ ಡಬ್ಬಿ ಕಟ್ಟಿಕೊಂಡು ಹೊರಟಾಗ ನನ್ನ ಮೇಜಿನ ಹತ್ತಿರ ನಿಂತು, “ಬರ್ತೀನಿ ಸ್ವಾಮಿ,” ಎಂದ. ನಾನು ತಲೆಯೆತ್ತಲಿಲ್ಲ. ಅಲ್ಪವಿರಾಮ ಹುಡುಕುತ್ತಿದ್ದೆ.

ಹೇಗಿರುತ್ತದೆ ಎಂದು ಕೇಳಿದಿರಿ. ಹೇಳುತ್ತೇನೆ. ಕೆಲಸ ಉಳಿಯುತ್ತದೆ. ಆಮೇಲೆ ಮೂವತ್ತಮೂರು ವರ್ಷ, ಊರಿನಲ್ಲಿ ಯಾರು ಏನು ತಪ್ಪು ಮಾಡಿದರೂ ಕಾಗದ ಬರೆಯುತ್ತೀರಿ. ಬೀದಿ ದೀಪಕ್ಕೆ ಬರೆಯುತ್ತೀರಿ, ಪಠ್ಯಪುಸ್ತಕಕ್ಕೆ ಬರೆಯುತ್ತೀರಿ, ಬಸ್ಸಿನ ವೇಳಾಪಟ್ಟಿಗೂ ಬರೆಯುತ್ತೀರಿ. ಜನ ನಿಮ್ಮನ್ನು ಧೈರ್ಯಸ್ಥ ಎನ್ನುತ್ತಾರೆ. ಬರೆಯಬೇಕಾದ ಒಂದು ಕಾಗದವನ್ನು ಮಾತ್ರ ಬರೆದಿರುವುದಿಲ್ಲ.

ನಿಮ್ಮನ್ನು ಒತ್ತಾಯ ಮಾಡುವ ಹಕ್ಕು ನನಗಿಲ್ಲ. ಇವತ್ತು ಮನೆಯಾಕೆಗೆ ಎಲ್ಲ ಹೇಳಿದೆ. ಕೈಯಲ್ಲಿದ್ದ ಅಕ್ಕಿ ಆರಿಸಿ ಮುಗಿಸಿದಳು. ಆಮೇಲೆ, “ಹಾಗಾದ್ರೆ ಭಾವ, ನೀವೂ ಒಬ್ಬ ಮುಖ್ಯಸ್ಥರೇ,” ಎಂದಳು. ಸಹಿಸಿಕೊಂಡೆ.

ನಿಮ್ಮ ಅಣ್ಣನಂಥವನು


೧ ಏಪ್ರಿಲ್ ೨೦೦೪

ಅಣ್ಣಾ,

ಇದರ ಜೊತೆ ನನ್ನ ಹೇಳಿಕೆ ಇದೆ, ಆರು ಪುಟ. ಎರಡೂ ಸರದಿಯಲ್ಲಿ ಬಂದ ಅಂಕಿಗಳ ಮುದ್ರಿತ ಹಾಳೆಗಳಿವೆ. ಸೂಚನಾ ಹಾಳೆಯ ಪ್ರತಿಯನ್ನೂ ಇಟ್ಟಿದ್ದೇನೆ, ಒಂಬತ್ತನೆಯ ಸಾಲಿಗೆ ಗೆರೆ ಎಳೆದಿದ್ದೇನೆ. ‘ಹಳೆಯದು’ ಎಂದು ಹೆಸರಿಟ್ಟದ್ದು ನನ್ನ ತಪ್ಪು ಎಂದು ಎರಡನೆಯ ಪುಟದಲ್ಲೇ ಬರೆದಿದ್ದೇನೆ. ಇನ್ನು ಮುಂದೆ ಪೆಟ್ಟಿಗೆಗೆ ತಾರೀಕನ್ನೇ ಹೆಸರಾಗಿಡುತ್ತೇನೆ.

ಉಳಿದ ಎಂಟು ಊರುಗಳಿಗೂ ಫೋನ್ ಮಾಡಿದೆ. ಮೂರು ಕಡೆ ಬೇರೆ ತಂತ್ರಾಂಶಗಳು ಕೆಟ್ಟಿವೆ. ಒಂದು ಕಡೆ ಅವರೇ, “ಅಯ್ಯೋ, ನಾವು ನಮ್ಮ ಹುಡುಗಿಯನ್ನ ಬೈದು ಕಳಿಸಿಬಿಟ್ವಲ್ಲಾ,” ಎಂದರು. ವಾಪಸ್ ಕರೆಸಿ ಎಂದೆ. ಯಜಮಾನರು ನನಗೆ ನಾಳೆಯಿಂದ ಬರಬೇಡ ಎಂದಿಲ್ಲ, ಬಾ ಎಂದೂ ಇಲ್ಲ. ಹೋಗಿ ಕೂರುತ್ತೇನೆ. ಎಬ್ಬಿಸಿದರೆ ನೋಡೋಣ.

ತಂಗಿ


೧೧ ಏಪ್ರಿಲ್ ೨೦೦೪

ತಂಗಿಗೆ,

ವಿಚಾರಣೆ ಮುಗಿಯಿತು. ನಿಮ್ಮ ಆರು ಪುಟಗಳನ್ನು ಅಧಿಕಾರಿ ಎರಡು ಸಲ ಓದಿದರು. ಪೆಟ್ಟಿಗೆಯ ಫೈಲನ್ನು ಅವರ ಎದುರಿಗೇ ಜಾಗಕ್ಕೆ ವಾಪಸ್ ಇಡಿಸಿದರು. ಮನೆಯಾಕೆ ಗಾಜಿನ ನಳಿಗೆ ತೆಗೆದಳು, ಹನಿ ಬಿಟ್ಟಳು. ಮೀಟರೂ ಗಾಜೂ ಒಂದೇ ಅಂಕಿ ಹೇಳಿದವು. ಮುಖ್ಯಸ್ಥರು ತಮ್ಮ ಕನ್ನಡಕ ಒರೆಸಿಕೊಂಡರು.

ವಿಚಾರಣೆಯ ಮರುದಿನವೇ ಆದೇಶ ಬಂತು, ಒಂದೂವರೆ ಸಾಲಿನದು: ‘ಸಂಶಯದ ಲಾಭ ನೀಡಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ.’ ಫೈಲಿನ ಮಾತಿಲ್ಲ, ಊರಿನ ನೀರಿನ ಮಾತೂ ಇಲ್ಲ. “ಇದನ್ನ ಇಲ್ಲಿಗೇ ಬಿಡಿ, ಜನ ಗಾಬರಿ ಆಗ್ತಾರೆ,” ಎಂದರಂತೆ ಮುಖ್ಯಸ್ಥರು. ಆಕೆ ಆದೇಶ ಮಡಚಿ ನನ್ನ ಮೇಜಿನ ಮೇಲಿಟ್ಟಳು. “ನನಗೆ ಸಂಶಯದ ಲಾಭ ಬೇಡ ಭಾವ. ಸಂಶಯವೇ ಬೇಡ. ಬರೀರಿ,” ಎಂದಳು. ನನ್ನ ಕಾಗದಗಳನ್ನು ಹಾಸ್ಯ ಮಾಡುತ್ತಿದ್ದವಳು ತಾನೇ ಮಸಿ ತುಂಬಿಸಿ ಕೊಟ್ಟಳು.

ಬರೆಯುವ ಮೊದಲು ಒಂದು ಕೆಲಸ ಬಾಕಿ ಇತ್ತು. ಬೈಂಡರ್ ತೀರಿಕೊಂಡು ಹನ್ನೊಂದು ವರ್ಷ. ಮಗಳು ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಆ ಹಳೆಯ ಹಾಳೆ ತೆಗೆದುಕೊಂಡು ಹೋದೆ. ಆಕೆ ನನ್ನ ಸಹಿ ನೋಡಿದಳು, ಯಂತ್ರ ನಿಲ್ಲಿಸಲಿಲ್ಲ.

“ಅಪ್ಪನಿಗೆ ಗೊತ್ತಿತ್ತು. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತಿದ್ರು.”

“ತಡವಾಯಿತಮ್ಮ.”

“ಅದು ನನಗೆ ಹೇಳೋದಲ್ಲ ಸ್ವಾಮಿ. ಅವರನ್ನ ಕಳ್ಳ ಅಂದದ್ದು ಊರು. ಊರಿಗೆ ಹೇಳಿ.”

ಹೇಳಿದ್ದೇನೆ. ಇಂದಿನ ಪತ್ರಿಕೆಯಲ್ಲಿ, ಓದುಗರ ಪತ್ರಗಳ ಜಾಗದಲ್ಲಿ, ನನ್ನ ಪೂರ್ತಿ ಹೆಸರಿನೊಂದಿಗೆ ಬಂದಿದೆ. ಬೆಳಿಗ್ಗೆಯಿಂದ ಇಬ್ಬರು ನನ್ನನ್ನು ನೋಡಿ ರಸ್ತೆಯ ಆ ಬದಿಗೆ ಹೋದರು. ಹೋಗಲಿ.

ಈಗ ಇಲಾಖೆಗೆ ಕೊಡುವ ಬಹಿರಂಗ ಪತ್ರವನ್ನು ಕೆಳಗೆ ಬರೆದಿದ್ದೇನೆ. ಮನೆಯಾಕೆ ಸಹಿ ಹಾಕಿದ್ದಾಳೆ, ನಾನು ಹಾಕಿದ್ದೇನೆ, ಮೂರನೆಯ ಜಾಗ ಖಾಲಿ ಬಿಟ್ಟಿದ್ದೇನೆ. ಈ ಸಲ ತಾರೀಕು ಎರಡೆರಡು ಸಲ ನೋಡಿದ್ದೇನೆ. ನೀವೂ ಒಮ್ಮೆ ನೋಡಿ, ಮನಸ್ಸಿದ್ದರೆ ಸಹಿ ಹಾಕಿ ಕಳಿಸಿ.

‘ನೀರು ಸರಬರಾಜು ಇಲಾಖೆಯ ಮುಖ್ಯಸ್ಥರಿಗೆ. ಫೆಬ್ರವರಿ ಒಂಬತ್ತರಿಂದ ಏಪ್ರಿಲ್ ಐದರವರೆಗೆ, ಐವತ್ತೇಳು ದಿನ, ಈ ಊರು ತಿದ್ದದ ಅಂಕಿಯನ್ನು ನಂಬಿ ನೀರು ಕುಡಿಯಿತು. ಶನಿವಾರದ ಕೈಪರೀಕ್ಷೆಯನ್ನು ನಿಲ್ಲಿಸಿದವರು ಯಾರು? ಫೆಬ್ರವರಿ ಹದಿನಾರಕ್ಕೆ ನಿಮಗೆ ಎಚ್ಚರಿಕೆ ಬಂದಾಗ ಏನು ಮಾಡಿದಿರಿ? ಮಾರ್ಚ್ ಹದಿಮೂರರ ಮೊದಲೇ ಎರಡು ಫೈಲುಗಳ ತಾರೀಕು ನಿಮ್ಮ ಪರದೆಯ ಮೇಲೆ ಕಂಡಿದೆ. ಆಮೇಲೂ ಅದೇ ಕಂಪ್ಯೂಟರನ್ನು ಏಕೆ ನಡೆಸಿದಿರಿ? ನಮ್ಮಲ್ಲಿ ಒಬ್ಬಳು ತಾನು ಒತ್ತಿದ ಗುಂಡಿಯನ್ನು ಒಪ್ಪಿಕೊಂಡಿದ್ದಾಳೆ. ಒಬ್ಬ ತನ್ನ ಮೂವತ್ತಮೂರು ವರ್ಷದ ಮೌನವನ್ನು ಒಪ್ಪಿಕೊಂಡಿದ್ದಾನೆ. ಇನ್ನೊಬ್ಬಳಿಗೆ ಒಪ್ಪಿಕೊಳ್ಳಲು ಏನೂ ಇಲ್ಲ. ಹಾಗೆಂದು ನೀವು ಹೇಳಬೇಕು. ಆಕೆಯ ಅಮಾನತಿನ ನೋಟೀಸು ನಿಮ್ಮ ಬಾಗಿಲ ಪಕ್ಕದ ಗೋಡೆಯ ಮೇಲೆ ಮೂವತ್ತೊಂಬತ್ತು ದಿನ ಇತ್ತು. ನಿಮ್ಮ ಉತ್ತರ ಅದೇ ಗೋಡೆಯ ಮೇಲೆ, ಅದೇ ಎತ್ತರದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ನಿಮ್ಮ ಸಹಿಯೊಂದಿಗೆ, ಮೂವತ್ತೊಂಬತ್ತು ದಿನ ಇರಬೇಕು. ನಾವು ದಿನವೂ ಬಂದು ಓದುತ್ತೇವೆ.’